ನಿಮ್ಮ ಕಾಲು ಡೊಂಕಲ್ಲ, ನೀವು ಸೋಮಾರಿಯೂ ಅಲ್ಲ

ಹೊಸದಾಗಿ ಓಡೋಕೆ ಶುರು ಮಾಡಿದವರಿಗೆ ನಮ್ಮ ಬೆಂಗಳೂರಲ್ಲಿ ಎರಡು ಬೈಗುಳ ಕಾಯ್ತಾ ಇರುತ್ತೆ. ಮೊದಲನೆಯದು ಶೂ ಅಂಗಡಿಯಲ್ಲಿ ಸಿಗುತ್ತೆ: “ಮೇಡಂ, ನಿಮ್ಮ ಪಾದದಲ್ಲೇ ಪ್ರಾಬ್ಲಂ ಇದೆ.” ಎರಡನೆಯದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ಸಾಕು, ಸೂರ್ಯೋದಯದ ಚಿತ್ರದ ಮೇಲೆ ದಪ್ಪಕ್ಷರದಲ್ಲಿ ಬಂದು ಕೂತಿರುತ್ತೆ: ಮನಸ್ಸಿದ್ದವನಿಗೆ ದಾರಿ, ಇಲ್ಲದವನಿಗೆ ನೆಪ! ಎರಡನ್ನೂ ತುಂಬಾ ಮರ್ಯಾದೆಯಿಂದ, ನಗ್ತಾ ನಗ್ತಾ ಹೇಳ್ತಾರೆ. ಹಾಗಾಗಿ ಬೈಗುಳ ಅಂತ ಗೊತ್ತೇ ಆಗಲ್ಲ. ಬಿಡಿಸಿ ನೋಡಿದರೆ ಅರ್ಥ ಇಷ್ಟೇ. ನಿಮ್ಮ ಕಾಲು ಸರಿ ಇಲ್ಲ, ನಿಮ್ಮ ಮನಸ್ಸೂ ಸರಿ ಇಲ್ಲ. ಮೊದಲನೆಯದಕ್ಕೆ ಪರಿಹಾರ 14,000 ರೂಪಾಯಿಯ ಶೂ. ಎರಡನೆಯದಕ್ಕೆ ಪರಿಹಾರ ಇನ್ನೊಂದಷ್ಟು ಸೂರ್ಯೋದಯ.

ಇವೆರಡೂ ಸುಳ್ಳು ಅಂತ ನನ್ನ ವಾದ. ಬರೀ ಸುಳ್ಳಾಗಿದ್ದರೆ ಪರವಾಗಿರಲಿಲ್ಲ, ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಮಾತು ಕೇಳಿ ಓಟ ಬಿಟ್ಟವರನ್ನು ನಾನು ನೋಡಿದ್ದೀನಿ, ಅದಕ್ಕೇ ಇವತ್ತು ಸಿಟ್ಟು ಮಾಡಿಕೊಂಡು ಕೀಲಿ ಕುಟ್ಟೋಕೆ ಕೂತಿದ್ದು.

ಮೊದಲೇ ಹೇಳಿಬಿಡ್ತೀನಿ, ನಾನು ಓಟಗಾರ್ತಿ ಅಂತ ಕರೆಸಿಕೊಳ್ಳೋಷ್ಟು ದೊಡ್ಡವಳಲ್ಲ. ವಾರಕ್ಕೆ ಮೂರು ದಿನ, ಒಮ್ಮೊಮ್ಮೆ ನಾಲ್ಕು ದಿನ, ದಿನಕ್ಕೆ ಐದು ಕಿಲೋಮೀಟರ್. ಲಾಲ್‌ಬಾಗಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋಗುವ ಅಜ್ಜಂದಿರ ಪಟ್ಟಿ ಉದ್ದ ಇದೆ :-) ಇಂಥವರನ್ನೇ ‘ಹವ್ಯಾಸಿ’ ಅನ್ನೋದು. ಪದಕ ಬೇಕಿಲ್ಲ, ಉಸಿರಾಡೋಕೆ ಒಂದು ಗಂಟೆ ಸಿಕ್ಕರೆ ಸಾಕು ಅನ್ನುವ ಜಾತಿ. ಈ ಬರಹ ಆ ಜಾತಿಯವರಿಗೆ ಮಾತ್ರ.

ನಮ್ಮ ಪಕ್ಕದ ಮನೆ ಅಕ್ಕನ ವಿಷಯ ಹೇಳ್ತೀನಿ. ವಯಸ್ಸು 46. ಶುಗರ್ ಗಡಿಯ ಹತ್ತಿರ ಬಂದಿದೆ, ಮೈ ಅಲ್ಲಾಡಿಸಿ ಅಂತ ಡಾಕ್ಟರು ಹೇಳಿದ್ದರು. ಮಗನ ಹಳೇ ಸ್ಪೋರ್ಟ್ಸ್ ಶೂಗೆ ದಪ್ಪ ಸಾಕ್ಸ್ ಹಾಕಿಕೊಂಡು, ಚೂಡಿದಾರದಲ್ಲೇ, ಒಂದು ಸುತ್ತು ನಡಿಗೆ ಒಂದು ಸುತ್ತು ಓಟ ಅಂತ ಐದು ವಾರ ಬಂದರು. ಆರನೇ ವಾರ ಮಗ ಪ್ರೀತಿಯಿಂದ ದೊಡ್ಡ ಅಂಗಡಿಯೊಂದಕ್ಕೆ ಕರಕೊಂಡು ಹೋದ. ಅಲ್ಲಿ ಗಾಜಿನ ಯಂತ್ರದ ಮೇಲೆ ನಿಲ್ಲಿಸಿದರು, ಪಾದದ ಬಣ್ಣಬಣ್ಣದ ಚಿತ್ರ ಬಂತು. ಟ್ರೆಡ್‌ಮಿಲ್ ಮೇಲೆ ಅರ್ಧ ನಿಮಿಷ ಓಡಿಸಿ ಹಿಂದಿನಿಂದ ವಿಡಿಯೋ ತೆಗೆದರು. ಆಮೇಲೆ ತೀರ್ಪು: ಚಪ್ಪಟೆ ಪಾದ, ಓವರ್ ಪ್ರೊನೇಶನ್, ಈ ಶೂ ಇಲ್ಲದೆ ಓಡಿದರೆ ಮಂಡಿ ಹೋಗುತ್ತೆ. ಬೆಲೆ ಕೇಳಿ ಅಕ್ಕ ಎದ್ದು ಬಂದರು. ಮಾರನೇ ದಿನ ಕರೆಯೋಕೆ ಹೋದರೆ, “ನನ್ನ ಕಾಲೇ ಹಂಗಂತೆ ಕಣೇ, ನಮ್ಮಂಥವರಿಗಲ್ಲ ಅದು” ಅಂದರು. ಮೂವತ್ತು ಸೆಕೆಂಡಿನ ವಿಡಿಯೋ ಐದು ವಾರದ ಓಟವನ್ನು ಮುಗಿಸಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ಕಾಲ ಬದಲಾಗಿದೆ. ಕುಣಿಯೋಕೆ ಬಂದವಳಿಗೇ ನಿನ್ನ ಕಾಲು ಡೊಂಕು ಅಂತ ಹೇಳಿ ಕಳಿಸ್ತಾರೆ.

*

ಏನಿದು ಪ್ರೊನೇಶನ್? ಓಡುವಾಗ ಕಾಲು ನೆಲಕ್ಕೆ ತಾಗಿದ ಮೇಲೆ ಪಾದ ಸ್ವಲ್ಪ ಒಳಗಡೆಗೆ ಹೊರಳುತ್ತೆ. ಹೊರಳಲೇಬೇಕು. ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತೆ, ಅದನ್ನು ಹಂಚಿಕೊಳ್ಳೋಕೆ ಪಾದ ಮಾಡಿಕೊಂಡಿರುವ ಉಪಾಯ ಅದು. ಕೆಲವರಿಗೆ ಹೆಚ್ಚು ಹೊರಳುತ್ತೆ, ಕೆಲವರಿಗೆ ಕಡಿಮೆ. ಮೂಗು ಒಬ್ಬೊಬ್ಬರಿಗೆ ಒಂದೊಂದು ಥರ ಇಲ್ವಾ, ಹಾಗೆ. ಆದರೆ 1980ರ ದಶಕದಿಂದ ಶೂ ಕಂಪನಿಗಳು ಇದನ್ನೇ ಹಿಡಿದುಕೊಂಡು ಪಾದಗಳನ್ನು ಮೂರು ಗುಂಪು ಮಾಡಿ, ಮೂರಕ್ಕೂ ಮೂರು ಬಗೆಯ ಶೂ ಮಾಡಿದವು. ಕಮಾನು ಎತ್ತರ ಇದ್ದವರಿಗೆ ಮೆತ್ತನೆಯದು, ನಡುವೆ ಇದ್ದವರಿಗೆ ಒಂಚೂರು ಆಧಾರ ಕೊಡುವಂಥದ್ದು, ಚಪ್ಪಟೆ ಪಾದದವರಿಗೆ ಹೊರಳದಂತೆ ಬಿಗಿಯಾಗಿ ಹಿಡಿಯುವಂಥದ್ದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಕನ್ನಡಕದ ನಂಬರ್ ಇದ್ದ ಹಾಗೆ.

ತೊಂದರೆ ಏನು ಅಂದರೆ, ಕನ್ನಡಕ ಹಾಕಿದರೆ ಅಕ್ಷರ ಕಾಣುತ್ತೆ. ಇಲ್ಲಿ ಆ ಥರದ ರುಜುವಾತು ಸಿಗಲಿಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕೂತು ಹುಡುಕಿದರು. ಪಾದದ ಬಗೆ ನೋಡಿ ಶೂ ಬರೆದುಕೊಟ್ಟರೆ ಓಟಗಾರರ ಗಾಯ ಕಡಿಮೆ ಆಗುತ್ತೆ ಅಂತ ತೋರಿಸುವ ಒಂದೇ ಒಂದು ಒಳ್ಳೆಯ ಪ್ರಯೋಗ ಅವರಿಗೆ ಸಿಗಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಸೇನೆಯವರು ದೊಡ್ಡ ಪ್ರಯೋಗವನ್ನೇ ಮಾಡಿದರು. ಹೊಸದಾಗಿ ಸೇರಿದವರಲ್ಲಿ ಒಂದು ಗುಂಪಿಗೆ ಪಾದದ ಅಚ್ಚು ನೋಡಿ ತಕ್ಕ ಶೂ, ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ ಎಲ್ಲರಿಗೂ ಒಂದೇ ಬಗೆಯ ಶೂ. ಭೂಸೇನೆಯಲ್ಲಿ ಮಾಡಿದರು, ವಾಯುಸೇನೆಯಲ್ಲಿ ಮಾಡಿದರು, ಮರೀನ್ ಪಡೆಯಲ್ಲೂ ಮಾಡಿದರು. ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಮೂರು ಕಡೆಯೂ ಬರಲಿಲ್ಲ. ಡೆನ್ಮಾರ್ಕಿನವರು ಹೊಸದಾಗಿ ಓಡಲು ಶುರು ಮಾಡಿದ 927 ಜನರಿಗೆ ಒಂದೇ ಬಗೆಯ ಸಾದಾ ಶೂ ಕೊಟ್ಟು ಒಂದು ವರ್ಷ ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಪಾದ ಒಳಗೆ ಹೊರಳುವವರಿಗೆ ಬೇರೆಯವರಿಗಿಂತ ಹೆಚ್ಚು ಗಾಯ ಆಗಿರಲಿಲ್ಲ.

ಜಗಳ ಆಡುವಾಗಲೂ ಪ್ರಾಮಾಣಿಕವಾಗಿ ಆಡಬೇಕು, ಆದ್ದರಿಂದ ನನ್ನ ವಾದಕ್ಕೆ ಅಡ್ಡ ಬರುವುದನ್ನೂ ಹೇಳ್ತೀನಿ. ಲಕ್ಸೆಂಬರ್ಗಿನ ಸಂಶೋಧಕರ 2016ರ ಪ್ರಯೋಗದಲ್ಲಿ ಹೊರಳುವ ಪಾದದವರಿಗೆ ಬಿಗಿ ಹಿಡಿಯುವ ಶೂನಿಂದ ಉಪಯೋಗ ಕಂಡಿತ್ತು. ಅವರದೇ 2020ರ ಪ್ರಯೋಗದಲ್ಲಿ, 848 ಹವ್ಯಾಸಿ ಓಟಗಾರರಲ್ಲಿ, ಗಟ್ಟಿ ಅಟ್ಟೆಯವರಿಗಿಂತ ಮೆತ್ತನೆ ಅಟ್ಟೆಯವರಿಗೆ ಗಾಯ ಕಡಿಮೆ ಆಗಿತ್ತು. ಅಂದರೆ ಶೂ ಯಾವುದಾದರೂ ಒಂದೇ ಅಂತ ನಾನು ಹೇಳ್ತಾ ಇಲ್ಲ. ಹೇಳ್ತಿರೋದು ಇಷ್ಟು. ತಜ್ಞರೇ ಇನ್ನೂ ಹೀಗೋ ಹಾಗೋ ಅಂತ ಚರ್ಚೆ ಮಾಡ್ತಿರುವ ವಿಷಯದಲ್ಲಿ, ಅರ್ಧ ನಿಮಿಷದ ವಿಡಿಯೋ ನೋಡಿ “ಮಂಡಿ ಹೋಗುತ್ತೆ” ಅಂತ ಹೆದರಿಸೋಕೆ ಅಂಗಡಿಯವರಿಗೆ ಯಾವ ಅಧಿಕಾರವೂ ಇಲ್ಲ. ಆ ಹುಡುಗ ಡಾಕ್ಟರ್ ಅಲ್ಲ, ಅವನಿಗೆ ತಿಂಗಳಿಗೆ ಇಷ್ಟು ಜೊತೆ ಮಾರಬೇಕು ಅಂತ ಮೇಲಿನವರು ಹೇಳಿರ್ತಾರೆ. ಅವನ ಮೇಲೂ ನನಗೆ ಸಿಟ್ಟಿಲ್ಲ ಬಿಡಿ.

‘ನಿನ್ನ ಮೈ ಓಟಕ್ಕಲ್ಲ’ ಅನ್ನೋ ಮಾತು ಹೊಸದೇನೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ, ಇವರಿಗೆ ಇದು ಆಗದ ಕೆಲಸ ಅಂತ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದಿದ್ದು 1960ರಲ್ಲಿ. ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಅಷ್ಟು ವರ್ಷ ‘ಮೈ ಸರಿ ಇಲ್ಲ’ ಅಂತ ಹೇಳಿದವರೆಲ್ಲ ತಜ್ಞರೇ, ಹಿರಿಯರೇ, ಒಳ್ಳೆಯದು ಬಯಸುವವರೇ. ಅಕ್ಕನಿಗೆ ಹೇಳಿದ್ದೂ ಅದೇ ಮಾತು, ಈ ಸಲ ಬಣ್ಣದ ಚಿತ್ರದ ಜೊತೆ.

*

ಇಷ್ಟು ಹೇಳಿದ ತಕ್ಷಣ ಇನ್ನೊಂದು ಪಂಗಡದವರು ಚಪ್ಪಾಳೆ ತಟ್ಟಿಕೊಂಡು ಬರ್ತಾರೆ. “ಅದಕ್ಕೇ ನಾವು ಹೇಳಿದ್ದು, ಶೂನೇ ಬೇಡ, ಬರಿಗಾಲಲ್ಲಿ ಓಡಿ!” ಸ್ವಲ್ಪ ತಡೀರಿ ಸ್ವಾಮಿ, ನಿಮ್ಮ ಜೊತೆಗೂ ಜಗಳ ಇದೆ.

ಬರಿಗಾಲಿನವರು ಮೊದಲು ತೆಗೆಯುವ ಹೆಸರು ಇಥಿಯೋಪಿಯಾದ ಅಬೆಬೆ ಬಿಕಿಲಾ. 1960ರಲ್ಲಿ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನ್ ಗೆದ್ದ ಮಹಾನುಭಾವ. ನಿಜ. ಆದರೆ ಕತೆಯ ಇನ್ನೊಂದು ಅರ್ಧವನ್ನು ಯಾರೂ ಹೇಳಲ್ಲ. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದ, ಮೂರು ನಿಮಿಷ ಬೇಗ! ನಮ್ಮ ಶಿವನಾಥ್ ಸಿಂಗ್ ಕೂಡ ಬರಿಗಾಲಲ್ಲಿ ಓಡುತ್ತಿದ್ದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಮಾಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಾಡಲಿಲ್ಲ. ಇನ್ನು 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆಲ್ಲ ನೆನಪಿರಬೇಕು. ಉಸೇನ್ ಬೋಲ್ಟ್‌ಗೆ ಹೋಲಿಸಿ ಟಿವಿಯವರು ಕುಣಿದಾಡಿದ್ದರು. ಅವರದ್ದೂ ಬರಿಗಾಲೇ. ಆದರೆ ಅವರು ಓಡಿದ್ದು ನೀರು ತುಂಬಿದ ಕೆಸರುಗದ್ದೆಯ ಕರೆಯಲ್ಲಿ, ಎಳೀತಾ ಇದ್ದದ್ದು ಎರಡು ಕೋಣ. ನಾವು ಓಡೋದು ಬಿಯರ್ ಬಾಟಲಿ ಚೂರು, ಕಿತ್ತ ಚಪ್ಪಡಿ, ಕಬ್ಬಿಣದ ಸರಳು, ನಾಯಿ ಹೇಸಿಗೆ ಎಲ್ಲ ಇರುವ ಫುಟ್‌ಪಾತಿನ ಮೇಲೆ. ನೆಲ ಒಂದೇ ಅಲ್ಲದಿದ್ದ ಮೇಲೆ ಕಾಲಿಗೆ ಹಾಕೋದು ಹೇಗೆ ಒಂದೇ ಆಗುತ್ತೆ?

ಇನ್ನೂ ಒಂದು ವಿಷಯ. ಬರಿಗಾಲೂ ಒಂದು ವ್ಯಾಪಾರ ಆಗಿಹೋಯ್ತು. 2009ರಲ್ಲಿ ‘ಬಾರ್ನ್ ಟು ರನ್’ ಪುಸ್ತಕ ಬಂತು. 2010ರಲ್ಲಿ ಹಾರ್ವರ್ಡಿನ ಲೀಬರ್‌ಮನ್ ಮತ್ತು ಜೊತೆಗಾರರು, ಬರಿಗಾಲಲ್ಲೇ ಓಡಿ ಅಭ್ಯಾಸ ಇರುವವರು ಹೆಚ್ಚಾಗಿ ಪಾದದ ಮುಂಭಾಗ ಊರಿ ಇಳೀತಾರೆ, ಹಾಗಾಗಿ ಹೊಡೆತ ಮೆತ್ತಗೆ ಬೀಳುತ್ತೆ ಅಂತ ತೋರಿಸಿದರು. ಹಾಗೆ ಓಡಿದರೆ ಗಾಯ ಆಗಲ್ಲ ಅಂತ ಆ ಲೇಖನ ಸಾಧಿಸಿ ತೋರಿಸಿರಲಿಲ್ಲ. ಮಾರುವವರಿಗೆ ಅಷ್ಟೆಲ್ಲ ವ್ಯವಧಾನ ಎಲ್ಲಿ? ಐದು ಬೆರಳಿನ ಕೈಚೀಲದಂಥ ಶೂಗಳು ಬಿಸಿ ದೋಸೆಯ ಹಾಗೆ ಖರ್ಚಾದವು. ಅದನ್ನು ಮಾಡುವ ವಿಬ್ರಮ್ ಕಂಪನಿಯ ಮೇಲೆ ಅಮೆರಿಕದಲ್ಲಿ ದಾವೆ ಬಿತ್ತು, ಹೇಳಿಕೊಂಡ ಲಾಭಗಳಿಗೆ ಆಧಾರ ಇಲ್ಲ ಅಂತ. 2014ರಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರಿಗೆ ರಾಜಿ ಆಯಿತು. ಅಷ್ಟರಲ್ಲಿ ಗಾಳಿ ತಿರುಗಿತ್ತು. ತೆಳು ಅಟ್ಟೆ ಹೋಗಿ ದಪ್ಪ ಅಟ್ಟೆ ಬಂತು. 2017ರಲ್ಲಿ ನೈಕಿಯವರ ವೇಪರ್‌ಫ್ಲೈ, ಒಳಗೆ ಇಂಗಾಲದ ನಾರಿನ ತಗಡು. ಅಟ್ಟೆ ಎಷ್ಟು ದಪ್ಪವಾಯ್ತು ಅಂದರೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯವರೇ, ರಸ್ತೆ ಓಟಕ್ಕೆ 40 ಮಿಲಿಮೀಟರ್ ಮೀರಬಾರದು, ತಗಡು ಒಂದಕ್ಕಿಂತ ಹೆಚ್ಚು ಇರಬಾರದು ಅಂತ ಕಾನೂನು ಮಾಡಬೇಕಾಯ್ತು.

ಹತ್ತು ವರ್ಷದಲ್ಲಿ ಬರಿಗಾಲಿನಿಂದ ನಾಲ್ಕು ಸೆಂಟಿಮೀಟರಿಗೆ! ಮನುಷ್ಯನ ಪಾದ ಈ ಹತ್ತು ವರ್ಷದಲ್ಲಿ ಏನಾದರೂ ಬದಲಾಯ್ತಾ? ನೀವೇ ಹೇಳಿ.

*

ಹಾಗಾದರೆ ಏನು ಹಾಕಿಕೊಳ್ಳಬೇಕು ತಾಯಿ ಅಂತ ಕೇಳ್ತೀರಿ. ಬೈದು ಸುಮ್ಮನಾದರೆ ಪಾಪ ಬರುತ್ತೆ, ಹೇಳ್ತೀನಿ.

ಹಿತವಾದದ್ದನ್ನು ಹಾಕಿಕೊಳ್ಳಿ. ಅಷ್ಟೇ. ಇದು ನನ್ನ ಅಜ್ಜಿಯ ಮಾತಿನ ಹಾಗೆ ಕೇಳಿಸಬಹುದು. ಆದರೆ ಕೆನಡಾದ ಕ್ಯಾಲ್ಗರಿಯಲ್ಲಿ ದಶಕಗಟ್ಟಲೆ ಶೂಗಳ ಮೇಲೇ ಕೆಲಸ ಮಾಡಿದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ ಮುಂದಿಟ್ಟ ವಿಚಾರವೂ ಹೆಚ್ಚುಕಮ್ಮಿ ಇದೇ. ಒಬ್ಬೊಬ್ಬರ ಮೈಗೆ ಅದರದೇ ಚಲನೆಯ ದಾರಿ ಇದೆ. ಹಿತ ಅನ್ನಿಸುವ ಶೂ ಆ ದಾರಿಗೆ ಅಡ್ಡ ಬರಲ್ಲ. ಹಾಗಾಗಿ ಆರಿಸೋಕೆ ಹಿತವೇ ಒಳ್ಳೆಯ ಜರಡಿ. ಇದೂ ಒಂದು ವಾದವೇ, ಅಂತಿಮ ಸತ್ಯ ಅಲ್ಲ. ಆದರೆ ಈ ವಾದಕ್ಕೆ ಯಂತ್ರ ಬೇಡ, ವಿಡಿಯೋ ಬೇಡ, ಮುಖ್ಯವಾಗಿ ಯಾರನ್ನೂ ಹೆದರಿಸಬೇಕಾಗಿಲ್ಲ.

ಹಿತ ನೋಡೋದಕ್ಕೂ ಒಂದು ಕ್ರಮ ಇದೆ. ಅಂಗಡಿಗೆ ಸಂಜೆ ಹೋಗಿ, ದಿನವೆಲ್ಲ ನಿಂತು ಓಡಾಡಿ ಪಾದ ಒಂಚೂರು ಊದಿರುತ್ತೆ, ಓಡುವಾಗಲೂ ಹಾಗೇ ಊದುತ್ತೆ. ನೀವು ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನೋಡಿ, ಅನೇಕರಿಗೆ ಒಂದು ಪಾದ ದೊಡ್ಡದಿರುತ್ತೆ, ದೊಡ್ಡ ಪಾದದ ಅಳತೆಯೇ ನಿಮ್ಮ ಅಳತೆ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಉಗುರು ಕಪ್ಪಾಗುತ್ತೆ. ಅಗಲದಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತಬಾರದು. ನಮ್ಮಲ್ಲಿ ಚಪ್ಪಲಿ ಹಾಕಿ, ಬರಿಗಾಲಲ್ಲಿ ಓಡಾಡಿ ಬೆಳೆದ ಎಷ್ಟೋ ಜನರ ಪಾದ ಮುಂದುಗಡೆ ಅಗಲ. ನಂಬರ್ ಸರಿ ಇದ್ದರೂ ಅಗಲಕ್ಕೆ ಬಿಗಿಯಾಗುವುದು ಅದಕ್ಕೇ. ಅಗಲದ ಮಾದರಿ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಹಿಮ್ಮಡಿ ಮಾತ್ರ ಜಾರಬಾರದು. ಜಾರಿದರೆ ಮೇಲಿನ ತುದಿಯಲ್ಲಿ ಎಲ್ಲರೂ ಖಾಲಿ ಬಿಡುವ ಒಂದು ತೂತಿದೆ ನೋಡಿ, ಅದಕ್ಕೂ ಲೇಸು ಹಾಕಿ ಕಟ್ಟಿ ನೋಡಿ. ಆಮೇಲೆ ಅಂಗಡಿಯೊಳಗೇ ನಾಲ್ಕು ಸಲ ಆ ತುದಿಯಿಂದ ಈ ತುದಿಗೆ ಓಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು. “ಹಾಕ್ತಾ ಹಾಕ್ತಾ ಸರಿ ಹೋಗುತ್ತೆ” ಅಂದರೆ ನಂಬಬೇಡಿ. ಮದುವೆ ವಿಷಯದಲ್ಲೇ ಆ ಮಾತು ಎಷ್ಟು ಸುಳ್ಳಾಗಿದೆ ಅಂತ ನೋಡಿಲ್ವಾ :-)

ದುಡ್ಡಿನ ಮಾತು. ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಚಿಕೊಳ್ಳೋಕಾಗಲ್ಲ. ಹೋದ ವರ್ಷದ ಮಾದರಿ ಈ ವರ್ಷ ಎಷ್ಟೋ ಕಡಿಮೆಗೆ ಸಿಗುತ್ತೆ, ಹೆಚ್ಚಿನ ಸಲ ಬಣ್ಣ ಬಿಟ್ಟರೆ ದೊಡ್ಡ ವ್ಯತ್ಯಾಸ ಇರಲ್ಲ. ಸರ್ಕಾರದವರು ಕೂಡ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ 5% ಜಿಎಸ್‌ಟಿ, ಅದಕ್ಕಿಂತ ಮೇಲಿನದಕ್ಕೆ 18% ಅಂತ ಮಾಡಿದರು. ಇಂಗಾಲದ ತಗಡಿನ ಶೂ ಹುಟ್ಟಿದ್ದು ಎಲಿಯುಡ್ ಕಿಪ್‌ಚೋಗೆಯಂಥವರಿಗೆ, ಗಂಟೆಗೆ 20 ಕಿಲೋಮೀಟರ್ ಮೀರಿ ಓಡುವವರಿಗೆ. ಲಾಲ್‌ಬಾಗಿನಲ್ಲಿ ಅಜ್ಜಂದಿರ ಹಿಂದೆ ಓಡೋಕೆ ಅದು ಯಾಕೆ? ಕೈಯಲ್ಲಿ ಹೆಚ್ಚು ದುಡ್ಡಿದ್ದರೆ ಒಂದು ದುಬಾರಿ ಜೊತೆಯ ಬದಲು ಎರಡು ಸಾಧಾರಣ ಜೊತೆ ತಗೊಂಡು ಬದಲಾಯಿಸಿ ಬದಲಾಯಿಸಿ ಹಾಕಿ. 264 ಓಟಗಾರರನ್ನು 22 ವಾರ ನೋಡಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದಕ್ಕಿಂತ ಹೆಚ್ಚು ಜೊತೆ ಬಳಸುವವರಿಗೆ ಗಾಯದ ಅಪಾಯ 39% ಕಡಿಮೆ ಇತ್ತು. ಹೆಂಗಸರಿಗೆ ಇನ್ನೊಂದು ಮಾತು, ಯಾವ ಶೂ ಅಂಗಡಿಯಲ್ಲೂ ಯಾರೂ ನನಗೆ ಹೇಳಿಲ್ಲ. ದುಡ್ಡು ಸ್ವಲ್ಪವೇ ಇದ್ದರೆ ಅದರಲ್ಲಿ ಮೊದಲು ಒಂದು ಒಳ್ಳೆಯ ಸ್ಪೋರ್ಟ್ಸ್ ಬ್ರಾ ತಗೊಳ್ಳಿ, ಉಳಿದದ್ದರಲ್ಲಿ ಶೂ.

ಹುಷಾರಾಗಿರಬೇಕಾದವರೂ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಿನ ಹುಚ್ಚಿಗೆ ಬೀಳಲೇಬಾರದು, ಡಾಕ್ಟರಿಗೆ ಪಾದ ತೋರಿಸಿಯೇ ಶೂ ತಗೊಳ್ಳಬೇಕು. ಒಂದೇ ಜಾಗದಲ್ಲಿ ದಿನದಿಂದ ದಿನಕ್ಕೆ ಹೆಚ್ಚಾಗುವ ನೋವಿಗೂ ಫಿಸಿಯೋಥೆರಪಿಸ್ಟ್ ಬೇಕು, ಹೊಸ ಶೂ ಅಲ್ಲ.

*

ಈಗ ಎರಡನೇ ಬೈಗುಳ. ಛಲ ಇಲ್ಲ, ಸೋಮಾರಿ, ಸ್ಫೂರ್ತಿ ಸಾಲದು.

ಈ ಸ್ಫೂರ್ತಿ ಅನ್ನೋದು ಯಾವ ಮರದ ಹಣ್ಣು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬ್ಲಾಗ್ ಬರೆಯುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬರೆಯೋಕೆ ಮೂಡ್ ಬರಲಿ ಅಂತ ಕಾದವರ ಬ್ಲಾಗುಗಳೆಲ್ಲ ‘ಮತ್ತೆ ಬರೆಯುತ್ತೇನೆ’ ಅನ್ನೋ ಪೋಸ್ಟಿನಲ್ಲೇ ನಿಂತುಹೋಗಿವೆ. ನಡುನಡುವೆ ಟೆಂಪ್ಲೇಟ್ ಮಾತ್ರ ಬದಲಾಗ್ತಾ ಇರುತ್ತೆ! ಹೊಸ ಶೂ ತಗೊಳ್ಳೋದೂ ಒಂಥರಾ ಟೆಂಪ್ಲೇಟ್ ಬದಲಾಯಿಸಿದ ಹಾಗೇ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ ಸ್ಫೂರ್ತಿ ಬಂದ ಮೇಲೆ ಓಡ್ತೀನಿ ಅಂತ ಕೂತರೆ ಎರಡೂ ಬರಲ್ಲ. ಓಡಿದ ಮೇಲೆ ಬರುತ್ತೆ, ಅದೂ ಕೆಲವು ದಿನ ಮಾತ್ರ.

ಫಾರ್ವರ್ಡುಗಳಲ್ಲಿ ಬರುವ ಇನ್ನೊಂದು ಸುಳ್ಳು ಅಂದರೆ ‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ’ ಅನ್ನೋದು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ನೋಡಿದರು, 2010ರಲ್ಲಿ ಅದು ಅಚ್ಚಾಯಿತು. ಒಂದು ಕೆಲಸ ಯೋಚನೆ ಮಾಡದೆ ಆಗುವಷ್ಟು ಅಭ್ಯಾಸ ಆಗೋಕೆ ನಡುಲೆಕ್ಕದಲ್ಲಿ 66 ದಿನ ಬೇಕಾಯ್ತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೆ ಹೋಯ್ತು. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಅಂದರೆ 22ನೇ ದಿನ ಎದ್ದೇಳೋಕೆ ಆಗದೆ ‘ನನ್ನ ಕೈಲಿ ಆಗಲ್ಲ’ ಅಂತ ಬಿಟ್ಟವರು ಸೋತಿದ್ದಲ್ಲ, ಅವರಿಗೆ ಯಾರೋ ತಪ್ಪು ಲೆಕ್ಕ ಹೇಳಿಕೊಟ್ಟಿದ್ದರು.

ಬಿಡೋಕೆ ಇನ್ನೊಂದು ದೊಡ್ಡ ಕಾರಣ ವೇಗ. ಹೊಸದರಲ್ಲಿ ಅಗಸ ಬಟ್ಟೆ ಎತ್ತೆತ್ತಿ ಒಗೆದ ಹಾಗೆ, ಮೊದಲ ದಿನವೇ ಬಸ್ ತಪ್ಪಿಹೋಗುವವರ ಥರ ಓಡ್ತೀವಿ. ಎರಡು ನಿಮಿಷಕ್ಕೆ ಎದೆ ಹೊಡ್ಕೊಳ್ಳುತ್ತೆ, ಮೂರನೇ ದಿನ ಮೀನಖಂಡ ಕಲ್ಲಾಗುತ್ತೆ, ಆಮೇಲೆ ‘ಓಟ ನನಗಲ್ಲ’. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನೋರು ಹೊಸಬರಿಗಾಗಿ ಒಂಬತ್ತು ವಾರದ ಒಂದು ಪಟ್ಟಿ ಮಾಡಿದರು, ಈಗ ಜಗತ್ತಿನಾದ್ಯಂತ ಬಳಸ್ತಾರೆ. ಅದರ ಮೊದಲ ವಾರ ಏನು ಗೊತ್ತಾ? ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ. ಅಕ್ಕ ಮಾಡ್ತಾ ಇದ್ದದ್ದು ಹೆಚ್ಚುಕಮ್ಮಿ ಅದನ್ನೇ, ಯಾರೂ ಹೇಳಿಕೊಡದೆ! ವೇಗ ಸರಿ ಇದೆಯಾ ಅಂತ ನೋಡೋಕೆ ಗಡಿಯಾರ ಬೇಡ. ಓಡ್ತಾ ಓಡ್ತಾ ಪಕ್ಕದವರಿಗೆ ಅತ್ತೆ ಮನೆ ಸುದ್ದಿ ಪೂರ್ತಿ ವಾಕ್ಯಗಳಲ್ಲಿ ಹೇಳೋಕೆ ಆಗಬೇಕು. ಆಗ್ತಿಲ್ಲ ಅಂದರೆ ನಿಧಾನ ಮಾಡಿ, ಅಥವಾ ನಡೆಯಿರಿ. ನಡೆದರೆ ಯಾರೂ ದಂಡ ಹಾಕಲ್ಲ.

ಇದಕ್ಕಿಂತ ಮುಖ್ಯವಾದ ಮಾತು, ಮತ್ತು ನನ್ನ ಸಿಟ್ಟಿನ ಮೂಲ. ‘ಛಲ ಇಲ್ಲ’ ಅನ್ನೋದನ್ನು ಯಾರಿಗೆ ಹೇಳ್ತಾ ಇದ್ದೀರಿ ನೋಡಿ. ಐದು ಗಂಟೆಗೆ ಎದ್ದು, ಏಳೂವರೆಗೆ ಎರಡು ಟಿಫಿನ್ ಬಾಕ್ಸ್ ಕಟ್ಟಿ, ಅತ್ತೆಗೆ ಕಾಫಿ ಕೊಟ್ಟು, ನೀರು ಬಂದಾಗ ಹಿಡಿದಿಟ್ಟು, ಎಂಟೂವರೆಗೆ ಬಸ್ ಹಿಡಿಯುವ ಹೆಂಗಸಿಗೆ ಛಲ ಇಲ್ಲವಾ? ಅವಳಿಗೆ ಇಲ್ಲದಿರೋದು ಅರ್ಧ ಗಂಟೆ. ಬೆಳಕಿರುವ ರಸ್ತೆ. ಅಟ್ಟಿಸಿಕೊಂಡು ಬರದ ನಾಯಿಗಳು. ಬೈಕ್ ನಿಧಾನ ಮಾಡಿ ಏನೋ ಅಂದು ಹೋಗುವವರು ಇಲ್ಲದ ಬೆಳಗು. ಮುರಿಯದ ಫುಟ್‌ಪಾತು. ಇವು ಯಾವುದನ್ನೂ ಸೂರ್ಯೋದಯದ ಚಿತ್ರ ಕೊಡಲ್ಲ. ಊರು ಕೊಡಬೇಕಾದದ್ದನ್ನು, ಮನೆ ಹಂಚಿಕೊಳ್ಳಬೇಕಾದದ್ದನ್ನು ಅವಳ ಮನಸ್ಸಿನ ದೋಷ ಅಂತ ಮಾಡಿಬಿಟ್ಟರೆ ಎಲ್ಲರಿಗೂ ಎಷ್ಟು ಸುಲಭ!

ಫೌಜಾ ಸಿಂಗ್ ಅವರ ಚಿತ್ರ ಹಾಕಿ ‘ಇವರಿಗೆ ಆಗೋದಾದರೆ ನಿಮಗೆ ಯಾಕಾಗಲ್ಲ’ ಅಂತ ಬರೆದದ್ದು ನಿಮಗೂ ಬಂದಿರುತ್ತೆ. 89ನೇ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ ಮ್ಯಾರಥಾನ್ ಓಡಿದವರು. 2011ರಲ್ಲಿ ನೂರು ತುಂಬಿದ ಮೇಲೆ ಟೊರಾಂಟೋದಲ್ಲಿ ಇನ್ನೊಂದು ಮ್ಯಾರಥಾನ್ ಮುಗಿಸಿದರು. ಅವರು ಓಟಕ್ಕೆ ಬಂದದ್ದು ಮಗನನ್ನು ಕಳಕೊಂಡ ದುಃಖದಲ್ಲಿ. ಅವರಿಗೆ ಹೇಳಿಕೊಡುವ ತರಬೇತುದಾರ ಇದ್ದರು, ಜೊತೆಗೆ ಓಡುವ ಬಳಗ ಇತ್ತು. ಫಾರ್ವರ್ಡಿನಲ್ಲಿ ಮುದುಕರೊಬ್ಬರೇ ಇರ್ತಾರೆ, ಬಳಗ ಇರಲ್ಲ. ಮತ್ತೆ ಅವರು ತೀರಿಕೊಂಡದ್ದು ಹೇಗೆ ಗೊತ್ತಲ್ಲ? 2025ರ ಜುಲೈನಲ್ಲಿ, 114 ವರ್ಷ ಎನ್ನಲಾದ ಆ ಜೀವಕ್ಕೆ ಜಲಂಧರ್ ಹತ್ತಿರ ಅವರದೇ ಊರಿನಲ್ಲಿ ರಸ್ತೆ ದಾಟುವಾಗ ವಾಹನ ಬಡಿಯಿತು. ಮಂಡಿ ಕೈ ಕೊಡಲಿಲ್ಲ, ಛಲ ಕೈ ಕೊಡಲಿಲ್ಲ. ರಸ್ತೆ ಕೈ ಕೊಟ್ಟಿತು. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡಲ್ಲ.

*

ಓಟ ಉಳಿಸಿಕೊಂಡವರನ್ನು ನೋಡಿದರೆ ನನಗೆ ಕಾಣೋದು ಸಣ್ಣ ಸಣ್ಣ ಏರ್ಪಾಡುಗಳು. ದಿನ ನಿಗದಿ ಇರುತ್ತೆ, ಮಂಗಳವಾರ ಗುರುವಾರ ಭಾನುವಾರ ಅಂತ. ರಾತ್ರಿಯೇ ಬಟ್ಟೆ, ಸಾಕ್ಸು, ಮನೆ ಬೀಗದ ಕೈ ಒಂದೇ ಕಡೆ ಇಟ್ಟಿರ್ತಾರೆ. ಆಗದ ದಿನ ಹತ್ತೇ ನಿಮಿಷ ಹೋಗಿ ಬಂದುಬಿಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಗೇಟಿನ ಹತ್ತಿರ ಇನ್ನೊಬ್ಬರು ಕಾಯ್ತಾ ಇರ್ತಾರೆ. ಇಬ್ಬರಿದ್ದರೆ ನಾಯಿ ಹತ್ತಿರ ಬರೋಕೆ ಯೋಚಿಸುತ್ತೆ, ಬೈಕಿನವನೂ ಯೋಚಿಸ್ತಾನೆ. ಮಳೆ ಬಂದ ದಿನ ಎಬ್ಬಿಸೋದು ಸ್ಫೂರ್ತಿ ಅಲ್ಲ, “ಅವಳು ಕಾಯ್ತಿರ್ತಾಳೆ” ಅನ್ನೋ ದಾಕ್ಷಿಣ್ಯ. ನಮ್ಮ ಕಡೆ ದಾಕ್ಷಿಣ್ಯಕ್ಕೆ ಇರುವ ಶಕ್ತಿ ಇನ್ಯಾವುದಕ್ಕಿದೆ ಹೇಳಿ!

ಅಕ್ಕ ಈಗ ಸಂಜೆ ತಾರಸಿಯ ಮೇಲೆ ನಡೀತಾರೆ. ಓಟಕ್ಕೆ ಇನ್ನೂ ಒಪ್ಪಿಲ್ಲ, ಕಾಲಿನ ಹೆದರಿಕೆ ಹೋಗಿಲ್ಲ. ಒಂದು ಹೆದರಿಕೆ ಕೂರಿಸೋಕೆ ಅರ್ಧ ನಿಮಿಷ ಸಾಕಾಯ್ತು, ಏಳಿಸೋಕೆ ತಿಂಗಳುಗಳು ಹಿಡೀತಿದೆ. ನಾನಂತೂ ಕರೆಯೋದು ಬಿಟ್ಟಿಲ್ಲ.

ಆದ್ದರಿಂದ ಬ್ಲಾಗಿಗ ಮಿತ್ರರಲ್ಲಿ ನನ್ನದು ಮೂರು ಕೋರಿಕೆ. ಹೊಸಬರು ಯಾರಾದರೂ ಓಡೋಕೆ ಶುರು ಮಾಡಿದರೆ ಅವರ ಕಾಲು ನೋಡಿ ರೋಗ ಹೇಳಬೇಡಿ. ಸೂರ್ಯೋದಯದ ಚಿತ್ರ ಕಳಿಸಬೇಡಿ. ಅದರ ಬದಲು ಮನೆಯಲ್ಲಿ ಅಕ್ಕನೋ ಹೆಂಡತಿಯೋ ಅಮ್ಮನೋ ಓಡೋಕೆ ಹೊರಟಿದ್ದರೆ, ವಾರಕ್ಕೆ ಮೂರು ದಿನ ಆ ಟಿಫಿನ್ ಬಾಕ್ಸ್ ನೀವು ಕಟ್ಟಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ರನ್ನಿಂಗ್ ಶೂ ಯಾವ ಅಂಗಡಿಯಲ್ಲೂ ಇಲ್ಲ.

ಇಂಗಾಲದ ತಗಡಿನವರೂ ಬರಿಗಾಲಿನವರೂ ಕಾಮೆಂಟಿನಲ್ಲಿ ಜಗಳಕ್ಕೆ ಬರಬಹುದು. ಉತ್ತರ ಕೊಡೋದು ಮಾತ್ರ ಭಾನುವಾರದ ಓಟ ಮುಗಿಸಿ ಬಂದ ಮೇಲೆ.